ಮಂಡಿಯೊಳಗಿನ ಮೂಳೆ ಸತ್ತಾಗ: ಮೊದಲ ನೋವಿನಿಂದ ಪಾರ್ಷಿಯಲ್ ನೀ ರೀಪ್ಲೇಸ್‌ಮೆಂಟ್‌ವರೆಗೆ

ಅಮ್ಮನ ಮಂಡಿ ನೋವು ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. ಗೌರಿ ಹಬ್ಬಕ್ಕೆ ಮೂರು ದಿನ ಇತ್ತು. ಅಟ್ಟದಿಂದ ಹಿತ್ತಾಳೆ ತಟ್ಟೆಗಳನ್ನು ಇಳಿಸಿ, ಸ್ಟೂಲಿನಿಂದ ಕೆಳಗೆ ಕಾಲಿಟ್ಟವರು ಹಾಗೇ ಗೋಡೆ ಹಿಡಿದು ನಿಂತುಬಿಟ್ಟರು. ಬಿದ್ದಿರಲಿಲ್ಲ, ಕಾಲು ಉಳುಕಿರಲೂ ಇಲ್ಲ. "ಎಲ್ಲಿ ನೋವು?" ಎಂದು ಕೇಳಿದೆ. ಮಂಡಿಯ ಸುತ್ತ ಕೈ ಆಡಿಸಲಿಲ್ಲ. ತೋರುಬೆರಳಿನ ತುದಿಯನ್ನು ಒಳಬದಿಯಲ್ಲಿ ಒಂದೇ ಜಾಗಕ್ಕೆ ಒತ್ತಿ, "ಇಲ್ಲೇ ಕಣೇ, ಮೊಳೆ ಹೊಡೆದ ಹಾಗೆ" ಎಂದರು.

ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು. ನಾರ್ಮಲ್ ಬಂತು. ವಯಸ್ಸು ಅರವತ್ತಮೂರು, ಸವೆತ ಶುರುವಾಗಿದೆ, ಎಣ್ಣೆ ತಿಕ್ಕಿ, ದಿನಾ ವಾಕಿಂಗ್ ಮಾಡಿ ಎಂದರು. ಅಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರು. ಏಳು ವಾರ, ದಿನಾ ಬೆಳಗ್ಗೆ, ಹಲ್ಲು ಕಚ್ಚಿಕೊಂಡು ನಡೆದರು. ಎಂಟನೇ ವಾರ ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು: ಸವೆತ ಅಲ್ಲ, ಆಸ್ಟಿಯೋನೆಕ್ರೋಸಿಸ್. ತೊಡೆಮೂಳೆಯ ತುದಿಯಲ್ಲಿ ಒಂದು ಭಾಗ ಸತ್ತು ಕುಸಿಯುತ್ತಿತ್ತು. ಆ ಏಳು ವಾರ ನಡೆಯದೇ ಇದ್ದಿದ್ದರೆ ಆಪರೇಷನ್ ತಪ್ಪುತ್ತಿತ್ತೋ ಏನೋ, ಖಚಿತವಾಗಿ ಹೇಳಲಾರೆ. ಆದರೆ ಇನ್ನೊಬ್ಬರ ಮನೆಯಲ್ಲಿ ಆ ಏಳು ವಾರ ಹಾಳಾಗಬಾರದು ಎಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮಂಡಿಯ ಬಗ್ಗೆ ನಿಮ್ಮನ್ನು ಮುಟ್ಟಿ ನೋಡಿದ ಡಾಕ್ಟರ್ ಹೇಳುವುದೇ ಕೊನೆ ಮಾತು. ಅವರ ಮುಂದೆ ಕೂತಾಗ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಇಲ್ಲಿದೆ.

1. ಇದು ಸವೆತವೋ ಬೇರೆಯೋ ಎಂದು ಗಮನಿಸಿ

ಸವೆತದ ನೋವು ಮೆಲ್ಲಗೆ ಬರುತ್ತದೆ. ಯಾವಾಗ ಶುರುವಾಯಿತು ಎಂದು ಕೇಳಿದರೆ "ಎರಡು ಮೂರು ವರ್ಷ ಆಗಿರಬೇಕು" ಅನ್ನುತ್ತಾರೆ. ಮೂಳೆ ಸಾಯುವ ನೋವಿಗೆ ಸಾಮಾನ್ಯವಾಗಿ ಒಂದು ತಾರೀಖು ಇರುತ್ತದೆ. ಇದ್ದಕ್ಕಿದ್ದ ಹಾಗೆ ಬರುತ್ತದೆ, ಮಂಡಿಯ ಒಳಬದಿಯಲ್ಲಿ ಒಂದೇ ಕಡೆ ಚುಚ್ಚುತ್ತದೆ, ಕಾಲೂರಿದರೆ ಹೆಚ್ಚುತ್ತದೆ, ರಾತ್ರಿ ಮಲಗಿದರೂ ಬಿಡುವುದಿಲ್ಲ. ಅಮ್ಮ ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಂಡು ಕೂಡ ಮೂರು ಗಂಟೆಗೆ ಎದ್ದು ಕೂರುತ್ತಿದ್ದರು.

ಐವತ್ತೈದು ಅರವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಜಾಸ್ತಿ. 1968ರಲ್ಲಿ ಸ್ವೀಡನ್ನಿನ ವೈದ್ಯರು ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿದರು. ಕಾರಣ ಗೊತ್ತಿಲ್ಲದೆ ರಕ್ತ ನಿಂತು ಮೂಳೆ ಸಾಯುತ್ತದೆ ಎಂದು ಆಗ ಅಂದುಕೊಂಡಿದ್ದರು. ಈಗಿನ ತಿಳಿವಳಿಕೆ ಸ್ವಲ್ಪ ಬೇರೆ. ಬಹಳಷ್ಟು ಜನರಲ್ಲಿ ಮೊದಲು ಆಗುವುದು ಕೂದಲೆಳೆಯಷ್ಟು ಸಣ್ಣ ಬಿರುಕು. ಮೂಳೆ ಟೊಳ್ಳಾಗಿದ್ದರೆ, ಅಥವಾ ಮಂಡಿಯ ಕುಷನ್ ಆಗಿರುವ ಮೆನಿಸ್ಕಸ್ ಬುಡದಲ್ಲೇ ಕಿತ್ತಿದ್ದರೆ, ದಿನನಿತ್ಯದ ಭಾರಕ್ಕೇ ಆ ಬಿರುಕು ಬೀಳುತ್ತದೆ. ಅದು ಕೂಡಿಕೊಳ್ಳದೆ ಹೋದರೆ ಅಲ್ಲಿನ ಮೂಳೆ ಸಾಯುತ್ತದೆ.

ನನಗೆ ಇದು ಅರ್ಥವಾಗಿದ್ದು ನಮ್ಮ ಮನೆಯ ನಡುಮನೆಯ ಟೈಲ್ಸ್ ನೋಡಿ. ಕೆಳಗಿನ ಮಣ್ಣು ಕುಸಿದ ಜಾಗದಲ್ಲಿ ಟೈಲ್ಸ್ ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ತಟ್ಟಿದರೆ ಮಾತ್ರ ಪೊಳ್ಳು ಸದ್ದು. ಮೇಲೆ ಓಡಾಡುತ್ತಾ ಇದ್ದರೆ ಒಂದು ದಿನ ಬಿರಿಯುತ್ತದೆ. ಮಂಡಿಯಲ್ಲೂ ಹಾಗೆಯೇ. ಮೂಳೆಯ ಮೇಲಿನ ನುಣುಪಾದ ಹೊದಿಕೆ, ಅಂದರೆ ಕಾರ್ಟಿಲೇಜ್, ಮೊದಲು ಸರಿಯಾಗಿಯೇ ಇರುತ್ತದೆ. ಕೆಳಗಿನ ಮೂಳೆ ಕೈಬಿಟ್ಟ ಮೇಲೆ ಅದೂ ಕುಸಿಯುತ್ತದೆ. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಬರುವುದೂ ಇದಕ್ಕೇ.

ಇದರ ಇನ್ನೊಂದು ಬಗೆಯೂ ಇದೆ. ಸ್ಟೀರಾಯ್ಡ್ ಔಷಧಿ ಹೆಚ್ಚು ತೆಗೆದುಕೊಂಡವರಿಗೆ, ಕುಡಿತ ಜಾಸ್ತಿ ಇರುವವರಿಗೆ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರಿಗೆ ಬರುವಂಥದ್ದು. ವಯಸ್ಸು ಚಿಕ್ಕದಿರುತ್ತದೆ, ಎರಡೂ ಮಂಡಿಗೆ ಬರಬಹುದು, ಸೊಂಟದ ಕೀಲಿಗೂ ಬರಬಹುದು. ಅಂಥ ಹಿನ್ನೆಲೆ ನಿಮಗಿದ್ದರೆ ಮುಚ್ಚಿಡದೆ ಹೇಳಿ. ಅಲ್ಲಿ ಸತ್ತ ಭಾಗ ದೊಡ್ಡದಿರುತ್ತದೆ, ಆಪರೇಷನ್ನಿನ ಲೆಕ್ಕಾಚಾರವೇ ಬದಲಾಗುತ್ತದೆ.

2. ಎಂಆರ್‌ಐ ಮಾಡಿಸಿ, ಆದರೆ ನಿಂತು ತೆಗೆದ ಎಕ್ಸ್‌ರೇಯನ್ನೂ ಬಿಡಬೇಡಿ

ಇದ್ದಕ್ಕಿದ್ದ ಹಾಗೆ ಬಂದ ನೋವು ಎರಡು ಮೂರು ವಾರ ಆದರೂ ತಗ್ಗದಿದ್ದರೆ, ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ, "ಎಂಆರ್‌ಐ ಬೇಕಾ ಡಾಕ್ಟ್ರೇ?" ಎಂದು ನೀವಾಗಿಯೇ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಸೊಂಟದ ಕೀಲಿನ ತೊಂದರೆಯೂ ಮಂಡಿಯಲ್ಲಿ ನೋವಾಗಿ ಕಾಣಿಸುವುದುಂಟು. ಹಾಗಾಗಿ ಸೊಂಟವನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.

ರಿಪೋರ್ಟ್ ಕೈಗೆ ಬಂದಾಗ ಮುಖ್ಯವಾಗಿ ಎರಡು ವಿಷಯ ಕೇಳಿ. ಸತ್ತ ಭಾಗ ಎಷ್ಟು ದೊಡ್ಡದು? ಮೇಲ್ಮೈ ಕುಸಿದಿದೆಯಾ ಇಲ್ಲವಾ? ಸಾಮಾನ್ಯವಾಗಿ 3.5 ಚದರ ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಆಪರೇಷನ್ ಇಲ್ಲದೆ ವಾಸಿಯಾಗುವ ಆಸೆ ಚೆನ್ನಾಗಿದೆ. 5 ಚದರ ಸೆಂಟಿಮೀಟರ್ ದಾಟಿದರೆ, ಅಥವಾ ಆ ಬದಿಯ ಮೂಳೆಯ ಅಗಲದಲ್ಲಿ ಅರ್ಧಕ್ಕಿಂತ ಹೆಚ್ಚು ಆವರಿಸಿದ್ದರೆ, ಕುಸಿಯುವ ಸಾಧ್ಯತೆ ಹೆಚ್ಚು. ಡಾಕ್ಟರ್ ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಅಮ್ಮನಿಗೆ ತೋರಿಸಿದರು. ಬಿಳಿ ಹರಡಿದ ಮೂಳೆಯ ನಡುವೆ ಕಪ್ಪಗೆ, ಉಗುರಿನ ಆಕಾರದ ಒಂದು ಗೆರೆ. ಅಷ್ಟು ದಿನ ಬೆರಳಿಟ್ಟು ತೋರಿಸುತ್ತಿದ್ದ ಜಾಗವೇ ಅದು. "ನಾನು ಸುಮ್ನೆ ಹೇಳ್ತಿರಲಿಲ್ಲ, ನೋಡು" ಎಂದರು ಅಮ್ಮ. ಆ ಮಾತು ಈಗಲೂ ಚುಚ್ಚುತ್ತದೆ.

ಎಕ್ಸ್‌ರೇ ಮಲಗಿಸಿ ತೆಗೆದದ್ದು ಸಾಲದು. ನಿಂತು, ಕಾಲಿನ ಮೇಲೆ ಭಾರ ಹಾಕಿ ತೆಗೆದದ್ದು ಬೇಕು. ಕೀಲಿನ ಎಡೆ ಎಷ್ಟು ಕಡಿಮೆಯಾಗಿದೆ, ಕಾಲು ಎಷ್ಟು ಬಾಗಿದೆ ಅನ್ನುವುದು ಆಗ ಮಾತ್ರ ಸರಿಯಾಗಿ ಕಾಣುತ್ತದೆ.

3. ಚಿಕ್ಕದಿದ್ದರೆ, ಕುಸಿದಿರದಿದ್ದರೆ ಮೊದಲು ಭಾರ ಇಳಿಸಿ

ಇದು ನಮಗೆ ತಡವಾಗಿತ್ತು, ನಿಮಗೆ ಆಗದಿರಲಿ. ಆರರಿಂದ ಎಂಟು ವಾರ ಆ ಕಾಲಿನ ಮೇಲೆ ಭಾರ ಕಡಿಮೆ ಮಾಡಬೇಕು. ವಾಕರ್ ಆದರೂ ಸರಿ, ಕೋಲಾದರೂ ಸರಿ. ಕೋಲನ್ನು ನೋವಿರುವ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬಾರದು, ಎದುರು ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಾದರೆ ಎಡಗೈಯಲ್ಲಿ ಕೋಲು. ಹತ್ತರಲ್ಲಿ ಒಂಬತ್ತು ಜನ ಉಲ್ಟಾ ಹಿಡಿಯುವುದನ್ನು ನೋಡಿದ್ದೇನೆ.

ವಾಕಿಂಗ್ ಬೇಡ, ಮೆಟ್ಟಿಲು ಬೇಡ, ನೆಲದ ಮೇಲೆ ಕೂತು ಏಳುವುದು ಬೇಡ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಮಾತ್ರೆ ಶುರುಮಾಡಿಸಿ. ಮೂಳೆ ಗಟ್ಟಿ ಮಾಡುವ ಬೇರೆ ಔಷಧಿ ಬೇಕೇ ಎಂದು ಡಾಕ್ಟರ್ ನಿರ್ಧರಿಸುತ್ತಾರೆ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದು ತಿಂಗಳುಗಟ್ಟಲೆ ನುಂಗಬೇಡಿ. ಬಿಪಿ, ಶುಗರ್ ಇರುವವರ ಕಿಡ್ನಿಗೆ ಅದು ಒಳ್ಳೆಯದಲ್ಲ. ಎಣ್ಣೆ ತಿಕ್ಕಿದರೆ ಮೇಲಿನ ಸ್ನಾಯುವಿಗೆ ಹಿತ ಅನ್ನಿಸಬಹುದು, ಒಳಗಿನ ಸತ್ತ ಮೂಳೆಗೆ ಅದು ತಲುಪುವುದಿಲ್ಲ.

ಇಷ್ಟಾದರೂ ನೋವು ನಿಲ್ಲದಿದ್ದರೆ, ಅಥವಾ ಮೂಳೆ ಆಗಲೇ ಕುಸಿದಿದ್ದರೆ, ಮುಂದಿನ ಮಾತು ಆಪರೇಷನ್. ವಯಸ್ಸು ಕಡಿಮೆ ಇದ್ದು ಮೇಲ್ಮೈ ಕುಸಿಯದಿದ್ದರೆ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವ ಆಪರೇಷನ್ ಅಥವಾ ಕಾಲಿನ ಮೂಳೆಯನ್ನು ಕತ್ತರಿಸಿ ನೇರ ಮಾಡುವ ಆಪರೇಷನ್ ಹೇಳಬಹುದು. ವಯಸ್ಸಾದವರಿಗೆ ಸಾಮಾನ್ಯವಾಗಿ ಮಾತು ಬರುವುದು ಮಂಡಿ ಬದಲಿಸುವುದರ ಬಗ್ಗೆ.

4. ಒಂದು ಭಾಗವೋ, ಇಡೀ ಮಂಡಿಯೋ

"ಮಂಡಿ ಚಿಪ್ಪು ಬದಲಾವಣೆ" ಎಂದು ನಾವೆಲ್ಲ ಬಾಯಿಮಾತಿಗೆ ಹೇಳುತ್ತೇವೆ. ಒಂದು ಭಾಗ ಮಾತ್ರ ಬದಲಿಸುವ ಪಾರ್ಷಿಯಲ್ ನೀ ರೀಪ್ಲೇಸ್‌ಮೆಂಟಿನಲ್ಲಿ ಸಾಮಾನ್ಯವಾಗಿ ಚಿಪ್ಪನ್ನು ಬದಲಿಸುವುದೇ ಇಲ್ಲ. ಮಂಡಿಯಲ್ಲಿ ಮೂರು ಕೋಣೆಗಳಿವೆ ಅಂದುಕೊಳ್ಳಿ: ಒಳಬದಿ, ಹೊರಬದಿ, ಚಿಪ್ಪಿನ ಹಿಂಬದಿ. ಹಾಳಾದದ್ದು ಒಳಬದಿ ಮಾತ್ರವಾದರೆ ಅಲ್ಲಿನ ಸತ್ತ ಮೂಳೆ ತೆಗೆದು, ತೊಡೆಮೂಳೆಯ ತುದಿಗೆ ಒಂದು ಲೋಹದ ಟೋಪಿ, ಕೆಳಗಿನ ಮೂಳೆಯ ಮೇಲೆ ಒಂದು ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಇಡುತ್ತಾರೆ. ಮಿಕ್ಕ ಎರಡು ಕೋಣೆ, ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಮಂಡಿಯೊಳಗಿನ ಲಿಗಮೆಂಟುಗಳು ಎಲ್ಲ ನಿಮ್ಮವೇ ಆಗಿ ಉಳಿಯುತ್ತವೆ. ಅದಕ್ಕೇ ಮಂಡಿ "ನನ್ನದೇ" ಅನ್ನಿಸುತ್ತದೆ ಎಂದು ಬಹಳ ಜನ ಹೇಳುತ್ತಾರೆ.

ಎಲ್ಲರಿಗೂ ಇದು ಆಗುವುದಿಲ್ಲ. ಮಿಕ್ಕ ಭಾಗಗಳು ಚೆನ್ನಾಗಿರಬೇಕು. ಎಸಿಎಲ್ ಅನ್ನುವ ಲಿಗಮೆಂಟ್ ಗಟ್ಟಿಯಾಗಿರಬೇಕು. ಮಂಡಿ ಹೆಚ್ಚುಕಡಿಮೆ ಪೂರ್ತಿ ನೆಟ್ಟಗಾಗಬೇಕು, ಚೆನ್ನಾಗಿ ಮಡಚಬೇಕು. ಕಾಲು ಬಾಗಿದ್ದರೂ ಕೈಯಿಂದ ಒತ್ತಿದರೆ ಸರಿಹೋಗುವಷ್ಟಿರಬೇಕು. ರುಮಟಾಯ್ಡ್‌ನಂಥ, ಕೀಲು ಊದಿಸುವ ಸಂಧಿವಾತ ಇರಬಾರದು. ಜೊತೆಗೆ ಈ ಕಾಯಿಲೆಗೇ ಸೇರಿದ ಒಂದು ಮಾತಿದೆ: ಸತ್ತ ಮೂಳೆ ತೆಗೆದ ಮೇಲೆ ಟೋಪಿ ಕೂರಿಸಲು ಗಟ್ಟಿ ಮೂಳೆ ಉಳಿದಿರಬೇಕು. ಗುಂಡಿ ಚಿಕ್ಕದಾದರೆ ಮೂಳೆ ಸಿಮೆಂಟ್ ತುಂಬುತ್ತಾರೆ. ಬಹಳ ಆಳವಾಗಿದ್ದರೆ ಇಡೀ ಮಂಡಿ ಬದಲಿಸುವುದೇ ಕ್ಷೇಮ. ಸ್ಟೀರಾಯ್ಡಿನಿಂದ ಬಂದ ಬಗೆಯಲ್ಲಿ ಹೀಗಾಗುವುದು ಜಾಸ್ತಿ.

ಯಾವುದು ಮೇಲು ಎಂಬ ಪ್ರಶ್ನೆಗೆ ಬ್ರಿಟನ್ನಿನಲ್ಲಿ ದೊಡ್ಡ ಅಧ್ಯಯನ ಆಗಿದೆ. ಟಾಪ್‌ಕ್ಯಾಟ್ ಎಂದು ಹೆಸರು. 528 ಜನರನ್ನು ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು, 2019ರಲ್ಲಿ ಫಲಿತಾಂಶ ಬಂತು. ಒಂದು ಭಾಗ ಬದಲಿಸಿದವರೂ ಇಡೀ ಮಂಡಿ ಬದಲಿಸಿದವರೂ ಹೆಚ್ಚುಕಡಿಮೆ ಒಂದೇ ಸಮ ಚೆನ್ನಾಗಿದ್ದರು. ಖರ್ಚು ಪಾರ್ಷಿಯಲ್‌ನಲ್ಲಿ ಕಡಿಮೆ. ಅದು ಒಳಬದಿ ಸವೆದವರ ಮೇಲೆ ಮಾಡಿದ ಅಧ್ಯಯನ, ಮೂಳೆ ಸತ್ತವರ ಮೇಲೆ ಅಲ್ಲ. ಅಷ್ಟನ್ನು ನೆನಪಿಟ್ಟುಕೊಂಡು ಓದಿ.

ಇನ್ನೊಂದು ಬದಿಯನ್ನೂ ಹೇಳಬೇಕು, ಅಲ್ವಾ? ಕೀಲು ಬದಲಿಸಿದ ಆಪರೇಷನ್‌ಗಳ ಲೆಕ್ಕ ಇಡುವ ಬೇರೆಬೇರೆ ದೇಶಗಳ ಜಾಯಿಂಟ್ ರಿಜಿಸ್ಟ್ರಿಗಳನ್ನು ನೋಡಿದರೆ, ಮುಂದೆ ಮತ್ತೊಮ್ಮೆ ಆಪರೇಷನ್ ಬೇಕಾಗುವ ಸಾಧ್ಯತೆ ಪಾರ್ಷಿಯಲ್‌ನಲ್ಲಿ ಹೆಚ್ಚು. ಉಳಿದ ಕೋಣೆಗಳು ಮುಂದೆ ಸವೆಯಬಹುದು, ಕೂರಿಸಿದ ಭಾಗ ಸಡಿಲವಾಗಬಹುದು. ಆದರೆ ಆಪರೇಷನ್ ಚಿಕ್ಕದು, ರಕ್ತ ಹೋಗುವುದು ಕಡಿಮೆ, ಬೇಗ ಎದ್ದು ಓಡಾಡುತ್ತಾರೆ, ದೊಡ್ಡ ತೊಂದರೆಗಳೂ ಕಡಿಮೆ. ನಾವು ಇದನ್ನು ತೂಗಿ ನೋಡಿ ಪಾರ್ಷಿಯಲ್ ಎಂದೆವು. ನಿಮ್ಮ ಲೆಕ್ಕ ಬೇರೆ ಬಂದರೆ ಅದೂ ತಪ್ಪಲ್ಲ.

5. ಒಪ್ಪಿಗೆ ಕೊಡುವ ಮುಂಚೆ ಕೇಳಿ

ನೀವು ವರ್ಷಕ್ಕೆ ಎಷ್ಟು ಪಾರ್ಷಿಯಲ್ ಮಾಡುತ್ತೀರಿ? ಈ ಪ್ರಶ್ನೆ ಕೇಳಲು ನನಗೆ ಸಂಕೋಚವಾಗಿತ್ತು. ಆದರೂ ಕೇಳಿ. ಅಪರೂಪಕ್ಕೆ ಮಾಡುವವರ ಕೈಯಲ್ಲಿ ಮತ್ತೆ ಆಪರೇಷನ್ ಆಗುವ ಪ್ರಮಾಣ ಹೆಚ್ಚೆಂದು ರಿಜಿಸ್ಟ್ರಿಗಳೇ ಹೇಳುತ್ತವೆ. ಒಳ್ಳೆಯ ಡಾಕ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮವರು ನಕ್ಕು, "ಕೇಳಿದ್ದು ಒಳ್ಳೇದಾಯ್ತಮ್ಮ" ಎಂದು ಲೆಕ್ಕ ಹೇಳಿದರು.

ಆಮೇಲೆ ಇದು: ಬಿಚ್ಚಿ ನೋಡಿದಾಗ ಹೊರಬದಿಯೂ ಕೆಟ್ಟಿದ್ದರೆ ಏನು ಮಾಡುತ್ತೀರಿ? ಅಲ್ಲೇ ಇಡೀ ಮಂಡಿ ಬದಲಿಸಲು ಮೊದಲೇ ಒಪ್ಪಿಗೆ ಬರೆಸಿಕೊಳ್ಳುವುದುಂಟು. ಸಹಿ ಹಾಕುವ ಕಾಗದದಲ್ಲಿ ಅದು ಇದೆಯಾ, ನೋಡಿ. ನಡುವಿನ ಬಿಲ್ಲೆ ಒಂದೇ ಕಡೆ ನಿಲ್ಲುವಂಥದ್ದೋ, ಮಂಡಿಯ ಜೊತೆ ಸರಿದಾಡುವಂಥದ್ದೋ ಎಂದೂ ಕೇಳಿ. ಸರಿದಾಡುವ ಬಿಲ್ಲೆ ಅಪರೂಪಕ್ಕೆ ಜಾಗ ತಪ್ಪುತ್ತದೆ. ನಮ್ಮ ಹಾಗೆ ನೆಲದ ಮೇಲೆ ಕೂರುವವರು ಇದನ್ನು ತಿಳಿದಿರಬೇಕು. ಚಕ್ಕಳಮಕ್ಕಳ ಹಾಕಿ ಕೂರಬಹುದಾ, ಕುಕ್ಕರಗಾಲಿನಲ್ಲಿ ಕೂರಬಹುದಾ ಎಂದು ಬಿಡಿಸಿ ಕೇಳಿ.

ದುಡ್ಡಿನ ವಿಷಯ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟುಗಳ ಬೆಲೆಗೆ ಮಿತಿ ಹಾಕಿತು. ಹಾಗಾಗಿ ಬಿಲ್ಲಿನಲ್ಲಿ ಇಂಪ್ಲಾಂಟಿನ ಹೆಸರು, ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು ನೆರವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ರೆಫರಲ್ ಚೀಟಿ ಪಡೆಯಬೇಕು. ನಿಮ್ಮ ಆಪರೇಷನ್ ಇದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ದಾಖಲಾಗುವ ಮುಂಚೆಯೇ ವಿಚಾರಿಸಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ರೋಗಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ.

6. ಆಪರೇಷನ್ನಿಗೆ ಮುಂಚಿನ ತಿಂಗಳು

ಮೈಯಲ್ಲಿ ಎಲ್ಲೂ ಸೋಂಕು ಇರಬಾರದು. ಹುಳುಕು ಹಲ್ಲು, ಉರಿಮೂತ್ರ, ಕಾಲ್ಬೆರಳ ಸಂದಿಯ ಹುಣ್ಣು, ಒಡೆದ ಹಿಮ್ಮಡಿ ಎಲ್ಲ ಮೊದಲು ವಾಸಿಯಾಗಲಿ. ಶುಗರ್ ಹತೋಟಿಗೆ ಬರಲಿ. ಬೀಡಿ ಸಿಗರೇಟು ಪೂರ್ತಿ ಬಿಡಬೇಕು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ನಾಟಿ ಔಷಧಿ, ಪುಡಿ, ಕಷಾಯ ಏನೇ ಇದ್ದರೂ ಹೇಳಿ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಾಯಲು ಹೇಳುತ್ತಾರೆ, ಇಲ್ಲದಿದ್ದರೆ ಸೋಂಕಿನ ಭಯ ಜಾಸ್ತಿ.

ಮನೆಯನ್ನು ಒಂದು ದಿನ ವಾಕರ್ ಹಿಡಿದುಕೊಂಡು ನೀವೇ ಸುತ್ತಿ ನೋಡಿ. ನಾನು ಹಾಗೆ ಮಾಡಿದ್ದರಿಂದಲೇ ನಮ್ಮ ತಿಪಟೂರಿನ ಮನೆಯ ಹೊಸ್ತಿಲು ಎಷ್ಟು ಎತ್ತರ ಎಂದು ಗೊತ್ತಾಗಿದ್ದು. ವಾಕರಿನ ಮುಂಗಾಲು ಅದಕ್ಕೆ ತಗುಲಿ ಟಣ್ ಅಂತು, ನಾನೇ ಮುಗ್ಗರಿಸಿದೆ. ಹೊಸ್ತಿಲನ್ನು ತೆಗೆಯುವ ಹಾಗಿಲ್ಲ, ಎರಡೂ ಕಡೆ ಹಲಗೆಯ ಇಳಿಜಾರು ಮಾಡಿಸಿದೆವು. ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ಮ್ಯಾಟ್, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ. ಟಾಯ್ಲೆಟ್ ನೆಲಮಟ್ಟದ್ದಾಗಿದ್ದರೆ ಮೇಲಿಡುವ ಕಮೋಡ್ ಕುರ್ಚಿ ಸಿಗುತ್ತದೆ. ಚಾಪೆ, ಕಾಲೊರಸು ಎಲ್ಲ ಎತ್ತಿಡಿ. ಒಲೆಯ ಹತ್ತಿರ ಎತ್ತರದ ಕುರ್ಚಿ ಇರಲಿ. ಅಮ್ಮನಿಗೆ ಮೂರನೇ ದಿನವೇ ಒಗ್ಗರಣೆ ತಾವೇ ಹಾಕಬೇಕಿತ್ತು.

ಮುಂದೆ ಮಾಡಬೇಕಾದ ವ್ಯಾಯಾಮವನ್ನು ಈಗಲೇ ಕಲಿಸಿ. ನೋವಿನ ಮಧ್ಯೆ ಹೊಸದು ಕಲಿಯುವುದು ಕಷ್ಟ.

7. ಆಸ್ಪತ್ರೆಯಲ್ಲಿ

ಇದು ಬೇಗ ಮುಗಿಯುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಕೆಲವರಿಗೆ ಪೂರ್ತಿ ಅರಿವಳಿಕೆ. ಆಪರೇಷನ್ ಆಗುವ ಕಾಲಿಗೆ ಪೆನ್ನಿನಿಂದ ಗುರುತು ಹಾಕುತ್ತಾರೆ, ಅದು ಸರಿಯಾದ ಕಾಲಿಗೆ ಬಿದ್ದಿದೆಯಾ ಎಂದು ನೀವೂ ನೋಡಿ. ಒಂದು ಒಂದೂವರೆ ಗಂಟೆಯ ಕೆಲಸ. ಅದೇ ದಿನ ಸಂಜೆ ಅಥವಾ ಮರುದಿನ ಬೆಳಗ್ಗೆ ಎಬ್ಬಿಸಿ ನಡೆಸುತ್ತಾರೆ. ಹೆದರಬೇಡಿ, ನಡೆಸುವುದು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಲಿಕ್ಕೂ ಹೌದು.

8. ಮನೆಗೆ ಬಂದ ಮೇಲೆ

ಮೊದಲ ಎರಡು ವಾರ ಮಂಡಿ ಊದಿರುತ್ತದೆ, ಬಿಸಿಯಾಗಿರುತ್ತದೆ, ತೊಡೆಯಿಂದ ಪಾದದವರೆಗೂ ನೀಲಿಗಟ್ಟಬಹುದು. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟರೆ ಒಳ್ಳೆಯದು.

ನಮ್ಮ ಮನೆಯಲ್ಲಿ ಎಲ್ಲರೂ ಪ್ರೀತಿಯಿಂದ ಮಾಡಿದ ತಪ್ಪು ಒಂದಿದೆ. ಮಂಡಿಯ ಕೆಳಗೆ ಮೆತ್ತಗಿನ ದಿಂಬು ಇಡುವುದು. ಹಿತವಾಗಿರುತ್ತದೆ, ಆದರೆ ಮಂಡಿ ಮಡಚಿಕೊಂಡೇ ಬಿಗಿದುಬಿಡುತ್ತದೆ. ಇಡುವುದಾದರೆ ಹಿಮ್ಮಡಿಯ ಕೆಳಗೆ ಇಡಿ. ಮಂಡಿ ತಾನಾಗಿ ನೆಟ್ಟಗಾಗಲಿ.

ವ್ಯಾಯಾಮ ಸರಳ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಎಚ್ಚರ ಇರುವಾಗ ಗಂಟೆಗೊಮ್ಮೆ. ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು ಅದನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು, ಆಮೇಲೆ ಟವೆಲ್ ತೆಗೆದಿಡುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಚುವುದು. ಕಾಲನ್ನು ನೆಟ್ಟಗೆ ಎತ್ತುವುದು. ಅಮ್ಮ ಟವೆಲ್ ಒತ್ತುವಾಗ ತೊಡೆಯ ಸ್ನಾಯು ಮೊದಲ ದಿನ ಅಲುಗಲೇ ಇಲ್ಲ. ನಾಲ್ಕನೇ ದಿನ ಚಿಪ್ಪಿನ ಮೇಲೆ ಸಣ್ಣಗೆ ಒಂದು ನಡುಕ. "ಬಂತು, ಬಂತು" ಎಂದು ಫಿಸಿಯೋ ಹುಡುಗಿ ಕೂಗಿದಳು. ಅಲ್ಲಿಂದ ದಿನದಿನಕ್ಕೆ ಸುಧಾರಿಸಿತು.

ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಹೊಲಿಗೆ ಅಥವಾ ಪಿನ್ ತೆಗೆಯುವುದು ಸುಮಾರು ಹನ್ನೆರಡರಿಂದ ಹದಿನಾಲ್ಕು ದಿನಕ್ಕೆ. ಅಲ್ಲಿಯವರೆಗೆ ಗಾಯ ಒಣಗಿರಲಿ. ಅರಿಶಿನವಾಗಲಿ, ಎಣ್ಣೆಯಾಗಲಿ ಹಚ್ಚಬೇಡಿ. ವಾಕರ್ ಎರಡು ವಾರ, ಆಮೇಲೆ ಎರಡು ಮೂರು ವಾರ ಕೋಲು, ಹೀಗೆ ಬಹಳ ಜನರಿಗೆ ನಡೆಯುತ್ತದೆ. ಸ್ಕೂಟರ್, ಕಾರು ಆರು ವಾರದ ಹೊತ್ತಿಗೆ, ಡಾಕ್ಟರ್ ಹೂಂ ಅಂದ ಮೇಲೆ. ಪೂಜೆಗೆ ಮಂಡಿಯೂರುವುದು ಬಹಳ ಜನರಿಗೆ ತಿಂಗಳುಗಟ್ಟಲೆ ಹಿತವಾಗಿರುವುದಿಲ್ಲ. ಒಂದು ಎತ್ತರದ ಮಣೆಯ ಮೇಲೆ ದೇವರನ್ನು ಇಟ್ಟುಕೊಂಡರೆ ಕುರ್ಚಿಯಲ್ಲೇ ಕೂತು ಪೂಜೆ ಮಾಡಬಹುದು. ಸಣ್ಣ ನೋವು, ಊತ ಪೂರ್ತಿ ಹೋಗಲು ಆರು ತಿಂಗಳು, ಒಮ್ಮೊಮ್ಮೆ ಒಂದು ವರ್ಷ.

9. ಇವು ಕಂಡರೆ ಕಾಯಬೇಡಿ

ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಎದೆ ನೋವು. ಇವು ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣ ಇರಬಹುದು. ಉಸಿರು ಕಟ್ಟಿದರೆ ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ. ಚಳಿಜ್ವರ, ಗಾಯದಿಂದ ನೀರು ಅಥವಾ ಕೀವು, ದಿನೇದಿನೇ ಹೆಚ್ಚುವ ಕೆಂಪು ಕಂಡರೆ ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಿ. ಬೇರೆ ಕಡೆ ಆಂಟಿಬಯಾಟಿಕ್ ಬರೆಸಿಕೊಂಡು ನುಂಗಬೇಡಿ. ಮಂಡಿ ಟಕ್ ಅಂದು ತಟ್ಟನೆ ನೆಟ್ಟಗಾಗದೆ ಹೋದರೆ ಬಿಲ್ಲೆ ಜಾಗ ತಪ್ಪಿರಬಹುದು. ಬಿದ್ದರಂತೂ, ನೋವು ಕಡಿಮೆ ಇದ್ದರೂ, ಎಕ್ಸ್‌ರೇ ಮಾಡಿಸಿ.

10. ಮಂಡಿ ಸರಿಯಾಯಿತು, ಮೂಳೆ?

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮೂಳೆ ಟೊಳ್ಳಾಗಿದ್ದರಿಂದಲೇ ಮೊದಲ ಬಿರುಕು ಬಿದ್ದಿದ್ದರೆ ಆ ಟೊಳ್ಳುತನ ಇನ್ನೂ ಮೈಯಲ್ಲೇ ಇದೆ. ಇನ್ನೊಂದು ಮಂಡಿ ಇದೆ, ಸೊಂಟ ಇದೆ, ಬೆನ್ನುಮೂಳೆ ಇದೆ. ಡೆಕ್ಸಾ ಸ್ಕ್ಯಾನ್ ಎಂಬ ಪರೀಕ್ಷೆ ಮೂಳೆಯ ಸಾಂದ್ರತೆಯನ್ನು ಅಳೆಯುತ್ತದೆ. ನೋವಿಲ್ಲ, ಚುಚ್ಚುವುದಿಲ್ಲ, ಹತ್ತಿಪ್ಪತ್ತು ನಿಮಿಷ ಮಲಗಿದರೆ ಆಯಿತು. ಅಮ್ಮನ ರಿಪೋರ್ಟ್ ಬಂದಾಗ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ ಎಂದಿತ್ತು. ಅದಕ್ಕೆ ಬೇರೆ ಔಷಧಿ ಶುರುವಾಯಿತು. ಹಾಲು, ಮೊಸರು, ರಾಗಿ ಮೊದಲಿಂದಲೂ ಇತ್ತು. ಕೊರತೆ ಇದ್ದದ್ದು ಬಿಸಿಲಿನದು, ವಿಟಮಿನ್ ಡಿಯದು.

ಇಂಪ್ಲಾಂಟಿನ ಸ್ಟಿಕ್ಕರ್ ಅಂಟಿಸಿದ ಡಿಸ್ಚಾರ್ಜ್ ಚೀಟಿಯ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ. ಹತ್ತು ವರ್ಷ ಬಿಟ್ಟು ಯಾವ ಕಂಪನಿ, ಯಾವ ಸೈಜ್ ಎಂದು ಡಾಕ್ಟರ್ ಕೇಳಿದಾಗ ಬೇಕಾಗುವುದು ಅದೇ. ನಮ್ಮ ಮನೆಯಲ್ಲಿ ಅಸಲು ಚೀಟಿ ಅಮ್ಮನ ಬೀರುವಿನಲ್ಲಿ, ಮನೆ ಪತ್ರದ ಜೊತೆ ಇದೆ. ಮುಂದಿನ ಎಕ್ಸ್‌ರೇ ತಾರೀಖನ್ನು ಅವರೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಇಟ್ಟಿದ್ದಾರೆ.